ಶುಶ್ರೂಷಾಶಿಕ್ಷಣದಲ್ಲಿ ರೋಗಿವೃತ್ತಸಂಗ್ರಹ

ಶುಶ್ರೂಷೆಯನ್ನು ಕಲಿಯುವ ವಿದ್ಯಾರ್ಥಿಗಳು ವಾರ್ಡಿನಲ್ಲಿ ತಮ್ಮ ಪಾಳಿಯನ್ನು ಆರಂಭಿಸುವುದಕ್ಕೆ ಮೊದಲು ತಮಗೆ ವಹಿಸಿದ ರೋಗಿಯ ವೃತ್ತಾಂತವನ್ನು ಸಂಗ್ರಹಿಸಿಕೊಳ್ಳುವುದು ಆ ಶಿಕ್ಷಣದ ರೂಢಿ. ಬರಹ, ಪರರ ಮಾತು, ಪ್ರತ್ಯಕ್ಷ ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಪ್ರಾಮಾಣ್ಯವೆಂಬ ಪ್ರಶ್ನೆಯು ಇದರಲ್ಲಿ ಅಡಗಿರುವುದರಿಂದ ಸಾಹಿತ್ಯಾಭ್ಯಾಸಿಗಳಿಗೂ ಈ ವಿಷಯವು ವಿಚಾರಾರ್ಹವಾಗಿದೆ.

ಮೊದಲನೆಯ ಆಕರವು ಕೇಸ್ ಷೀಟು. ರೋಗಿಯ ವಯಸ್ಸು, ವೈದ್ಯರು ನಿರ್ಣಯಿಸಿದ ರೋಗ, ಹಿಂದಿನ ಕಾಯಿಲೆಗಳು, ಒಗ್ಗದ ಔಷಧಗಳು, ಈಗ ಕೊಡುತ್ತಿರುವ ಔಷಧಗಳ ಪ್ರಮಾಣ ಮತ್ತು ವೇಳೆ, ರಕ್ತಪರೀಕ್ಷೆಯ ಫಲ ಇವೆಲ್ಲವೂ ಅದರಲ್ಲಿರುವುವು. ಇವನ್ನು ನಕಲುಮಾಡಿಕೊಂಡರೆ ಸಾಲದು. ಪರಸ್ಪರ ಸಂಬಂಧವನ್ನು ಅರಿಯಬೇಕು. ಉದಾಹರಣೆಗೆ, ಹೃದ್ರೋಗಕ್ಕೆ ಕೊಡುವ ಡಿಜಾಕ್ಸಿನ್ ಎಂಬ ಔಷಧವು, ರಕ್ತದಲ್ಲಿ ಪೊಟ್ಯಾಸಿಯಂ ಕಡಮೆಯಾಗಿದ್ದರೆ, ವಿಷವಾಗಿ ಪರಿಣಮಿಸುವ ಸಂಭವವು ಹೆಚ್ಚು. ಅದನ್ನು ಕೊಡುವ ಮುನ್ನ ಹೃದಯದ ಬಡಿತವನ್ನು ಪೂರ್ತಿ 1 ನಿಮಿಷ ಎಣಿಸಬೇಕು. ಔಷಧದ ಪಟ್ಟಿಯನ್ನೂ ರಕ್ತಪರೀಕ್ಷೆಯ ಪಟ್ಟಿಯನ್ನೂ ಕೂಡಿಸಿ ಓದದವರು ಎರಡನ್ನೂ ಓದಿದಂತಾಗಲಿಲ್ಲ.

ಎರಡನೆಯದು, ಪಾಳಿ ಬದಲಾಗುವಾಗ ಹಿಂದಿನ ದಾದಿಯು ಒಪ್ಪಿಸುವ ವರದಿ. ರಾತ್ರಿ ಏರಿದ ಜ್ವರ, ಮುಟ್ಟದೆ ಬಿಟ್ಟ ಊಟ ಮೊದಲಾಗಿ ಇನ್ನೂ ಬರಹಕ್ಕೇರದ ಸಂಗತಿಗಳು ಇದರಿಂದ ತಿಳಿಯುವುವು.

ಮೂರನೆಯ ಆಕರವು ರೋಗಿಯೇ. ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಬರೆದ ಶುಶ್ರೂಷಾಗ್ರಂಥದಲ್ಲಿ ರೋಗಿಯ ಅವಲೋಕನಕ್ಕೆಂದೇ ಒಂದು ಅಧ್ಯಾಯವಿದೆ. ಚೆನ್ನಾಗಿ ನಿದ್ರೆ ಬಂದಿತೇ ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಎಷ್ಟು ಗಂಟೆ, ಯಾವ ವೇಳೆಯಲ್ಲಿ ಬಂದಿತೆಂದು ಕೇಳಬೇಕು ಎಂಬುದು ಅಲ್ಲಿಯ ಅಭಿಪ್ರಾಯ. ಉತ್ತರವನ್ನು ತನ್ನಲ್ಲಿಯೇ ಸೂಚಿಸುವ ಪ್ರಶ್ನೆಯಿಂದ ನಿಜವು ಹೊರಬೀಳದು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗಜ್ಞಾನಕ್ಕೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳೆಂಬ ಮೂರು ಸಾಧನಗಳು ಉಕ್ತವಾಗಿವೆ. ಮೊದಲು ಉಪದೇಶದಿಂದ ಅರಿತು, ಬಳಿಕ ಪ್ರತ್ಯಕ್ಷಾನುಮಾನಗಳಿಂದ ಪರೀಕ್ಷಿಸಬೇಕೆಂಬ ಆ ಕ್ರಮವು ಇಲ್ಲಿಗೂ ಹೊಂದುವುದು. ಆದರೆ ಒಂದು ಭೇದವುಂಟು. ಆಪ್ತರ ವಚನವು ಸಂಶಯಾತೀತವೆಂದು ಶಾಸ್ತ್ರದ ಮತ. ಕೇಸ್ ಷೀಟಿಗಾದರೋ ಆ ಪದವಿಯಿಲ್ಲ. ಒಗ್ಗದ ಔಷಧ ಯಾವುದೂ ಇಲ್ಲವೆಂದು ಅದರಲ್ಲಿ ಬರೆದಿದ್ದರೆ, ನಿಜವಾಗಿಯೂ ಇಲ್ಲವೆಂದಿರಬಹುದು. ಯಾರೂ ಕೇಳಲಿಲ್ಲವೆಂದೂ ಇರಬಹುದು. ಇವೆರಡನ್ನು ಬರಹವೊಂದರಿಂದಲೇ ಬೇರ್ಪಡಿಸಲಾಗದು. ಪೆನಿಸಿಲಿನ್ ಒಗ್ಗದ ರೋಗಿಯ ವಿಷಯದಲ್ಲಿ ಈ ಭೇದವು ಪ್ರಾಣಕ್ಕೇ ಸಂಬಂಧಿಸಿದುದು.

ಆದುದರಿಂದ ಪೂರ್ವಾಧ್ಯಯನದ ಫಲವು ಸಿದ್ಧವಾದ ಉತ್ತರಗಳಲ್ಲ, ರೋಗಿಯ ಹಾಸಿಗೆಯ ಬಳಿ ಕೇಳಬೇಕಾದ ಪ್ರಶ್ನೆಗಳು ಎಂದು ತಿಳಿಯತಕ್ಕದ್ದು.