ಘಟ್ಟದಾಚೆಯ ವೈನರಿ: ರುಚಿಯೂ ಎಚ್ಚರವೂ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ನಾಸಿಕವೆಂದರೆ ಬಹುಕಾಲ ಪಂಚವಟಿ, ಗೋದಾವರಿ ಹಾಗೂ ತ್ರ್ಯಂಬಕೇಶ್ವರಗಳೇ ಆಗಿದ್ದವು. ಕಲ್ಯಾಣದಿಂದ ರೈಲುಮಾರ್ಗವಾಗಿ ಸುಮಾರು 135 ಕಿ.ಮೀ. ದೂರದ ಈ ಕ್ಷೇತ್ರಕ್ಕೆ ಕಸಾರಾ ಘಟ್ಟವನ್ನೇರಿ ಹೋಗುವವರ ಪಟ್ಟಿಯಲ್ಲಿ ಕಳೆದ ಎರಡು ದಶಕಗಳಿಂದ ಇನ್ನೊಂದು ತಾಣವೂ ಸೇರಿಕೊಂಡಿದೆ. ದ್ರಾಕ್ಷಿತೋಟಗಳ ನಡುವೆ ನಿಂತಿರುವ ವೈನರಿಯೇ ಆ ತಾಣ. 2025ರ ಜೂನ್ ತಿಂಗಳಲ್ಲಿ ಇಗತಪುರಿಯಿಂದ ಥಾಣೆ ಜಿಲ್ಲೆಯ ಆಮನೆಯವರೆಗಿನ ಸಮೃದ್ಧಿ ಮಹಾಮಾರ್ಗವು ತೆರೆದ ಮೇಲಂತೂ ಪ್ರಯಾಣ ಮತ್ತಷ್ಟು ಸುಗಮವಾಗಿದೆ. ಆದರೆ ಹೋಗುವವರಲ್ಲಿ ಹಲವರು 'ವೈನ್ ಹೃದಯಕ್ಕೆ ಒಳ್ಳೆಯದಂತೆ' ಎಂಬ ನಂಬಿಕೆಯನ್ನೂ ಜೊತೆಗೆ ಕೊಂಡೊಯ್ಯುತ್ತಾರೆ. ಅಲ್ಲಿ ನೋಡತಕ್ಕದ್ದೇನು, ನಂಬತಕ್ಕದ್ದೇನು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಮನೆತನಗಳ ಸಾಹಸ

ನಾಸಿಕದ ಗಂಗಾಪುರ ಜಲಾಶಯದ ಹಿನ್ನೀರಿನ ಬಳಿ 2006ರಲ್ಲಿ ಆರಂಭವಾದ ಯಾರ್ಕ್ ವೈನರಿಯು ಒಂದು ಕುಟುಂಬದ ಸೃಷ್ಟಿ. ಹೆಸರು ಇಂಗ್ಲೆಂಡಿನ ಪಟ್ಟಣದ್ದೆಂದು ತೋರಿದರೂ ಅದು ಆ ಮನೆಯ ಮೂವರು ಮಕ್ಕಳ ಹೆಸರುಗಳ ಆದ್ಯಕ್ಷರಗಳ ಜೋಡಣೆ. ಕನ್ನಡನಾಡಿನಲ್ಲಿ ಇದಕ್ಕೂ ಬಹಳ ಮೊದಲೇ, 1988ರಲ್ಲಿ, ದೊಡ್ಡಬಳ್ಳಾಪುರದ ಸಮೀಪ ನಂದಿಬೆಟ್ಟದ ಸೀಮೆಯಲ್ಲಿ ಕನ್ವಲ್ ಗ್ರೋವರ್ ಅವರ ಕುಟುಂಬವು ಫ್ರೆಂಚ್ ತಜ್ಞರ ನೆರವಿನಿಂದ ಇಂತಹ ಸಾಹಸಕ್ಕೆ ಕೈಹಾಕಿತ್ತು. 2012ರಲ್ಲಿ ಆ ಸಂಸ್ಥೆಯು ನಾಸಿಕ ಜಿಲ್ಲೆಯ ಝಂಪಾದೊಡನೆ ಒಂದಾಯಿತು. ಹೀಗೆ ನಂದಿಯ ಬಳ್ಳಿಗೂ ಇಗತಪುರಿಯ ಕಡೆಯ ಬಳ್ಳಿಗೂ ನಂಟು ಬೆಳೆಯಿತು. ವೈನಿಗೆ ದ್ರಾಕ್ಷಿಯೇ ಬೇಕೆಂದೂ ಇಲ್ಲ. 2014ರವರೆಗೆ ಥಾಣೆ ಜಿಲ್ಲೆಗೇ ಸೇರಿದ್ದು ಈಗ ಪಾಲ್ಘರ್ ಜಿಲ್ಲೆಯಲ್ಲಿರುವ ಬೋರ್ಡಿಯಲ್ಲಿ ಹಿಲ್ ಝಿಲ್ ಎಂಬ ಕುಟುಂಬ ಸಂಸ್ಥೆಯು ಆ ನೆಲದ ಪ್ರಸಿದ್ಧ ಚಿಕ್ಕುವಿನಿಂದಲೇ ವೈನ್ ತಯಾರಿಸಿ ಹೆಸರು ಪಡೆಯಿತು.

ತೋಟದಿಂದ ಬಾಟಲಿಗೆ

ವೈನಿನ ದ್ರಾಕ್ಷಿ ನಾವು ಪೇಟೆಯಲ್ಲಿ ಕೊಳ್ಳುವ ದ್ರಾಕ್ಷಿಯಲ್ಲ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ವಿಜಯಪುರದ ಬೆಳೆಗಾರರು 'ಚಾಟ್ನಿ' ಎನ್ನುವ ಬಳ್ಳಿ ಕತ್ತರಿಸುವ ಕೆಲಸ ಇಲ್ಲಿಯೂ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಸುಗ್ಗಿಯ ನಂತರ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ. ಯುರೋಪಿನಲ್ಲಿ ಶರತ್ಕಾಲದ ಸುಮಾರಿಗೆ ಕೊಯ್ಲಾದರೆ ನಾಸಿಕದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಆದ್ದರಿಂದ ಕೆಲಸವನ್ನು ಕಣ್ಣಾರೆ ಕಾಣಬಯಸುವವರಿಗೆ ಈ ಮೂರು ತಿಂಗಳುಗಳೇ ಪ್ರಶಸ್ತ.

ಕೊಯ್ದ ಹಣ್ಣನ್ನು ಹಿಂಡಿದ ಮೇಲೆ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಅದರ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಸಿಪ್ಪೆಯನ್ನು ಬೇರ್ಪಡಿಸಿ ರಸವನ್ನು ತಣ್ಣನೆಯ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸಿದರೆ ಬಿಳಿ ವೈನ್. ಕಪ್ಪು ದ್ರಾಕ್ಷಿಯ ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು ವೈನ್. 750 ಮಿಲಿಲೀಟರಿನ ಒಂದು ಬಾಟಲಿಗೆ ಸುಮಾರು ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು ಬೇಕಾಗುತ್ತದೆ.

ಈ ಉದ್ಯಮದ ಲೆಕ್ಕಾಚಾರವೂ ಅರಿಯತಕ್ಕದ್ದು. ನೆಟ್ಟ ಬಳ್ಳಿ ಮೂರನೆಯ ವರ್ಷದ ಸುಮಾರಿಗೆ ಫಸಲು ಕೊಡತೊಡಗುತ್ತದೆ. ಸಾಲದ ಬಡ್ಡಿಯಾದರೋ ಮೊದಲ ದಿನದಿಂದಲೇ ಏರತೊಡಗುತ್ತದೆ. ಹಣ್ಣಿನ ಬೆಲೆ ಎರಡು ಮೂರು ತಿಂಗಳೊಳಗೆ ತೆರಬೇಕು. ಮಾರಾಟ ಮಾತ್ರ ವರ್ಷವಿಡೀ ನಡೆಯಬೇಕು. ಉತ್ತಮ ಕೆಂಪು ವೈನ್ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕುಳಿತರೆ ಅದರೊಡನೆ ಬಂಡವಾಳವೂ ಕುಳಿತಂತೆಯೇ ಸರಿ. ಮಹಾರಾಷ್ಟ್ರ ಸರಕಾರವು 2001ರಲ್ಲಿ ದ್ರಾಕ್ಷಿ ಸಂಸ್ಕರಣ ನೀತಿಯನ್ನು ಪ್ರಕಟಿಸಿ ಸುಂಕದಲ್ಲಿ ರಿಯಾಯಿತಿ ಕೊಟ್ಟಾಗ ಅನೇಕರು ಈ ಕ್ಷೇತ್ರಕ್ಕೆ ಧುಮುಕಿದರು. 2008ರ ಆರ್ಥಿಕ ಹಿಂಜರಿತದ ತರುವಾಯ ದಾಸ್ತಾನು ಮಾರಾಟವಾಗದೆ ಹಲವು ಸಣ್ಣ ವೈನರಿಗಳು ಸಾಲದ ಸುಳಿಯಲ್ಲಿ ಸಿಲುಕಿದವು. ಯಾರ್ಕ್ ಕೂಡ 2021ರಲ್ಲಿ ನಾಸಿಕದ ದೊಡ್ಡ ಸಂಸ್ಥೆಯಾದ ಸುಲಾದ ಒಡೆತನಕ್ಕೆ ಸೇರಿತು. ಹೊಸದಾಗಿ ಬಾಗಿಲು ತೆರೆದ ಮನೆತನದ ವೈನರಿಯೊಂದನ್ನು ಕಂಡಾಗ ಅದರ ಹಿಂದಿರುವ ತಾಳ್ಮೆಯನ್ನೂ ಗಂಡಾಂತರವನ್ನೂ ನೆನೆಯಬೇಕು.

ಷಡ್ರಸಗಳ ಅಳತೆಗೋಲು

ರುಚಿ ನೋಡುವ ಕೋಣೆಯಲ್ಲಿ ಮೊದಲು ಬಿಳಿ, ಬಳಿಕ ಕೆಂಪು, ಕೊನೆಗೆ ಸಿಹಿ ವೈನ್ ಎಂಬ ಕ್ರಮದಲ್ಲಿ ತುಸುತುಸುವೇ ಕೊಡುತ್ತಾರೆ. ಬಣ್ಣ ನೋಡಿ, ಲೋಟವನ್ನು ಮೆಲ್ಲನೆ ತಿರುಗಿಸಿ, ಪರಿಮಳವನ್ನು ಗ್ರಹಿಸಿ, ಒಂದು ಗುಟುಕನ್ನು ಬಾಯಲ್ಲಿ ಆಡಿಸಬೇಕು. ಪರದೇಶದ ಹಣ್ಣುಗಳ ಹೆಸರು ಕೇಳಿ ಅಳುಕಬೇಕಾಗಿಲ್ಲ. ಸೋವಿಞೋ ಬ್ಲಾಂಕ್‌ನಲ್ಲಿ ಪೇರಳೆಯ, ಹಸಿರು ಹುಲ್ಲಿನ ವಾಸನೆ. ಶಿರಾಝ್‌ನಲ್ಲಿ ಕರಿಮೆಣಸಿನ ಘಾಟು. ಕ್ಯಾಬರ್ನೆಯಲ್ಲಿ ಕೆಲವೊಮ್ಮೆ ದೊಣ್ಣೆಮೆಣಸಿನಕಾಯಿಯ ಸುಳಿವು. ಕೆಂಪು ವೈನ್ ನಾಲಗೆಯನ್ನು ಬಿಗಿಹಿಡಿಯುವ ಗುಣಕ್ಕೆ ಕನ್ನಡದಲ್ಲಿ 'ಒಗರು' ಎಂಬ ಸೊಗಸಾದ ಮಾತಿದೆ. ನೇರಳೆಹಣ್ಣನ್ನೂ ಎಳೆಯ ಅಡಿಕೆಯನ್ನೂ ತಿಂದವರಿಗೆ ಅದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ರುಚಿ ತಿಳಿದ ಮೇಲೆ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಅದನ್ನು ಬಳಸುವುದು ಅಸಭ್ಯತೆಯಲ್ಲ. ವೃತ್ತಿನಿರತ ಪರೀಕ್ಷಕರ ಪದ್ಧತಿಯೇ ಅದು.

ಔಷಧವೆಂಬ ಭ್ರಮೆ

ಕೊಬ್ಬಿನ ಆಹಾರ ಸೇವಿಸಿಯೂ ಫ್ರೆಂಚರಲ್ಲಿ ಹೃದ್ರೋಗ ಕಡಿಮೆಯಿರುವುದಕ್ಕೆ ವೈನ್ ಕಾರಣವಿರಬಹುದೆಂದು 1992ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಸರ್ಜ್ ರನೊ ಮತ್ತು ಅವರ ಸಹೋದ್ಯೋಗಿ ಸೂಚಿಸಿದಂದಿನಿಂದ ವೈನಿಗೆ ಆರೋಗ್ಯದ ಪಟ್ಟ ಬಂತು. ಆದರೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತ್ತು. ನಿರಪಾಯಕರ ಪ್ರಮಾಣವೆಂಬುದೇ ಮದ್ಯಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಹೊಗಳಿಕೆಗೆ ಪಾತ್ರವಾದ ರೆಸ್ವೆರಟ್ರಾಲ್ ವೈನಿನಲ್ಲಿರುವುದು ಅತ್ಯಲ್ಪ. ಅದು ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇದೆ. ಇತ್ತ ಶೇಕಡಾ 13ರ ವೈನಿನ 100 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ವೈದ್ಯರು ಅಳತೆ ಹೇಳಿ ಕೊಡುವ ದ್ರಾಕ್ಷಾಸವಕ್ಕೂ ಇದಕ್ಕೂ ಹೋಲಿಕೆ ಸಲ್ಲದು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ಸೇವಿಸುವವರು ಬರಿಹೊಟ್ಟೆಯಲ್ಲಿ ವೈನ್ ಕುಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು, ಯಕೃತ್ತಿನ ತೊಂದರೆಯುಳ್ಳವರು, ಗರ್ಭಿಣಿಯರು ಇದನ್ನು ಮುಟ್ಟಲೇಬಾರದು. ಸಂಜೆ ಘಟ್ಟವಿಳಿದು ಬರುವ ವಾಹನದ ಚಾಲಕನಂತೂ ರುಚಿಯನ್ನೂ ನೋಡತಕ್ಕದ್ದಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ ಅದು ಶಿಕ್ಷಾರ್ಹ ಅಪರಾಧ.

ಸಂಘದ ಪ್ರವಾಸದಲ್ಲಿ ಬೇಡವೆಂದವರನ್ನು 'ಒಂದು ಗುಟುಕಾದರೂ' ಎಂದು ಒತ್ತಾಯಿಸುವ ಉಪಚಾರ ಸಲ್ಲದು. ಅವರು ತೋಟ ಸುತ್ತಿ, ತೊಟ್ಟಿಗಳನ್ನು ನೋಡಿ, ಕೆಲಸಗಾರರಲ್ಲಿ ನಾಲ್ಕು ಮಾತು ಕೇಳಿ ತಿಳಿದು ಬರಲಿ. ಕುಡಿಯುವವರು ಊಟ ಮಾಡಿ, ನೀರು ಕುಡಿದು, ಮೊದಲೇ ನಿಶ್ಚಯಿಸಿದ ಅಲ್ಪ ಪ್ರಮಾಣಕ್ಕೇ ನಿಲ್ಲಿಸಲಿ. ಕುಡಿಯದವರು ಆರೋಗ್ಯದ ಹೆಸರಿನಲ್ಲಿ ಹೊಸದಾಗಿ ಆರಂಭಿಸುವ ಅಗತ್ಯ ಎಳ್ಳಷ್ಟೂ ಇಲ್ಲ. ಹಿಂದಿರುಗುವಾಗ ರಸ್ತೆಬದಿಯಲ್ಲಿ ಕೊಂಡ ಒಂದು ಪೆಟ್ಟಿಗೆ ತಾಜಾ ದ್ರಾಕ್ಷಿಯನ್ನು ಚೆನ್ನಾಗಿ ತೊಳೆದು ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನಬಹುದು.