ಇಂಡಿಯ ಸೀಮೆಯ ಮೇಲೆ ಎರಡು ನಗರಗಳ ಪ್ರಭಾವ: ವಿಜಯಪುರ ಮತ್ತು ಸೊಲ್ಲಾಪುರ

ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭೀಮಾನದಿಯ ದಂಡೆಯವರೆಗೆ ಹಬ್ಬಿರುವ ಇಂಡಿಯ ಸೀಮೆಯು ಎರಡು ನಗರಗಳ ನಡುವೆ ಇದೆ. ಒಂದು ಕಡೆ ಸುಮಾರು 55 ಕಿಲೋಮೀಟರು ದೂರದಲ್ಲಿ ವಿಜಯಪುರ. ಇನ್ನೊಂದು ಕಡೆ, ನದಿಯಾಚೆ, ಸುಮಾರು 75 ಕಿಲೋಮೀಟರು ದೂರದಲ್ಲಿ ಸೊಲ್ಲಾಪುರ. ನಮ್ಮ ಭಾಗದ ಹಿರಿಯರು ‘ಪೇಟೆಗೆ ಹೋಗಿಬರುತ್ತೇನೆ’ ಎಂದರೆ ಸೊಲ್ಲಾಪುರವೆಂದೂ ‘ಕಚೇರಿಗೆ ಹೋಗಿಬರುತ್ತೇನೆ’ ಎಂದರೆ ವಿಜಯಪುರವೆಂದೂ ಮನೆಯವರು ತಿಳಿದುಕೊಳ್ಳುತ್ತಿದ್ದರು. ಒಂದೇ ನೆಲದ ಜನರ ಕೈಚೀಲವನ್ನು ಒಂದು ನಗರವೂ ಕಾಗದಪತ್ರಗಳನ್ನು ಮತ್ತೊಂದು ನಗರವೂ ಸೆಳೆದುಕೊಂಡುದು ಹೇಗೆ, ಆ ಸೆಳೆತದಿಂದ ನಮ್ಮ ನುಡಿಗೂ ಬಾಳಿಗೂ ಆದುದೇನು ಎಂಬುದು ವಿಚಾರಮಾಡತಕ್ಕ ವಿಷಯ.

ಪ್ರಾಚೀನತೆಯ ದೃಷ್ಟಿಯಿಂದ ನೋಡಿದರೆ ರಾಜಧಾನಿಯ ಪಟ್ಟವು ವಿಜಯಪುರದ್ದೇ. ಹದಿನೈದನೆಯ ಶತಮಾನದ ಕೊನೆಯಿಂದ 1686ರವರೆಗೆ ಆದಿಲಶಾಹಿಗಳು ಇಲ್ಲಿಂದ ಆಳಿದರು. ಆಗ ಸೊಲ್ಲಾಪುರವೆಂದರೆ ಮುಖ್ಯವಾಗಿ ಒಂದು ಕೋಟೆ. ಅದಕ್ಕಾಗಿ ವಿಜಯಪುರ ಮತ್ತು ಅಹಮದನಗರದ ಸುಲ್ತಾನರು ಮೇಲಿಂದ ಮೇಲೆ ಕಾದಾಡಿದರು. ಚಾಂದಬೀಬಿಯು ಒಂದನೆಯ ಅಲಿ ಆದಿಲಶಹನನ್ನು ಮದುವೆಯಾದಾಗ ಆ ಕೋಟೆಯು ವರದಕ್ಷಿಣೆಯಾಗಿ ವಿಜಯಪುರಕ್ಕೆ ಬಂದಿತು. ಇಂದು ನಮ್ಮ ರೈತನ ಸರಕೆಲ್ಲ ಸೊಲ್ಲಾಪುರದತ್ತ ಸಾಗುವುದನ್ನು ಕಂಡವರಿಗೆ, ಆ ಊರು ಒಮ್ಮೆ ಬಳುವಳಿಯಾಗಿ ನಮ್ಮ ಕಡೆಗೇ ಬಂದಿದ್ದಿತೆಂಬುದು ವಿನೋದವಾಗಿ ತೋರಬಹುದು.

ಈ ತಕ್ಕಡಿಯನ್ನು ತಿರುಗಿಸಿದುದು ಉಗಿಬಂಡಿ. ಮುಂಬಯಿಯಿಂದ ಹೊರಟ ರೈಲುಮಾರ್ಗವು 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. 1870ರ ದಶಕದಲ್ಲಿ ಅಲ್ಲಿ ಮೊದಲ ನೂಲಿನ ಗಿರಣಿಯು ತಲೆಯೆತ್ತಿತು. ಅದೇ ದಶಕದ ಕೊನೆಯಲ್ಲಿ, 1876ರಿಂದ 1878ರವರೆಗೆ, ಘೋರ ಕ್ಷಾಮವು ನಮ್ಮ ಸೀಮೆಯನ್ನು ಹಿಂಡಿತು. ರೈಲಿಲ್ಲದ ನಾಡಿಗೆ ಕಾಳು ಸಾಗಿಸುವುದು ಎಷ್ಟು ದುಸ್ತರವೆಂಬುದನ್ನು ಸರಕಾರವು ಆಗ ಅರಿಯಿತು. ಅದರ ಫಲವಾಗಿ ಹೋಟಗಿಯಿಂದ ವಿಜಯಪುರದ ಮಾರ್ಗವಾಗಿ ಗದಗಿನವರೆಗೆ ಸಣ್ಣಳತೆಯ ರೈಲುಮಾರ್ಗವು 1884ರ ಸುಮಾರಿಗೆ ಸಿದ್ಧವಾಯಿತು. ಲಚ್ಯಾಣ, ಇಂಡಿ ರೋಡ, ನಿಂಬಾಳ ಮುಂತಾದ ನಿಲ್ದಾಣಗಳು ಈ ಮಾರ್ಗದಲ್ಲಿವೆ.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅದೊಂದೇ ಮಾರ್ಗವು ಎರಡು ನಗರಗಳಿಗೆ ಎರಡು ಬಗೆಯ ಭಾಗ್ಯವನ್ನು ತಂದಿತು. ರೈಲು ಬಂದೊಡನೆಯೇ, 1885ರಲ್ಲಿ, ಜಿಲ್ಲೆಯ ಮುಖ್ಯಸ್ಥಾನವು ಕಲಾದಗಿಯಿಂದ ವಿಜಯಪುರಕ್ಕೆ ಬಂದಿತು. ಪಾಳುಬಿದ್ದ ಅರಮನೆಗಳಲ್ಲಿ ಕಚೇರಿಗಳು ನೆಲೆಗೊಂಡವು. ಅಲ್ಲಿಯ ‘ಅಠಾರಾ ಕಚೇರಿ’ ಎಂಬ ಹೆಸರೇ ಇದಕ್ಕೆ ಸಾಕ್ಷಿ. ಆದರೆ ಅದೇ ಗಾಡಿಯಲ್ಲಿ ಹೇರಿದ ಅರಳೆ, ಜೋಳ, ಕುಸುಬಿಗಳು ಹೋಟಗಿಯಲ್ಲಿ ದೊಡ್ಡಳತೆಯ ಮಾರ್ಗವನ್ನು ಸೇರಬೇಕಾಗಿತ್ತು. ಹೋಟಗಿಯ ಮಗ್ಗುಲಲ್ಲೇ ಸೊಲ್ಲಾಪುರದ ಗಿರಣಿಗಳೂ ಅಡತಿ ಅಂಗಡಿಗಳೂ ಇದ್ದವು. ಹೀಗೆ ಅಧಿಕಾರವು ವಿಜಯಪುರದಲ್ಲಿ ಇಳಿಯಿತು. ಸರಕು ಸೊಲ್ಲಾಪುರಕ್ಕೆ ಹೋಯಿತು.

ಎರಡು ನಗರಗಳ ಸೆಳೆತವನ್ನು ಲೆಕ್ಕಹಾಕುವ ಒಂದು ಸೂತ್ರವನ್ನು ಅಮೇರಿಕೆಯ ವಿಲಿಯಂ ರೈಲಿ ಎಂಬ ವಿದ್ವಾಂಸನು 1931ರಲ್ಲಿ ಪ್ರಕಟಿಸಿದನು. ಆ ದೇಶದ ನಗರಗಳ ಚಿಲ್ಲರೆ ವ್ಯಾಪಾರವನ್ನು ಪರಿಶೀಲಿಸಿ ಅವನು ಕಂಡುಕೊಂಡುದು ನ್ಯೂಟನ್ನನ ಗುರುತ್ವಾಕರ್ಷಣ ನಿಯಮವನ್ನು ಹೋಲುತ್ತದೆ: ನಡುವಣ ಊರನ್ನು ಒಂದು ನಗರವು ಸೆಳೆಯುವ ಶಕ್ತಿಯು ಆ ನಗರದ ಜನಸಂಖ್ಯೆಗೆ ಅನುಗುಣವಾಗಿ ಹೆಚ್ಚುತ್ತದೆ, ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಇದನ್ನು ನಮ್ಮೂರಿಗೆ ಅನ್ವಯಿಸಿ ನೋಡೋಣ. 2011ರ ಜನಗಣತಿಯಂತೆ ಸೊಲ್ಲಾಪುರದ ಜನಸಂಖ್ಯೆ ಸುಮಾರು ಒಂಬತ್ತೂವರೆ ಲಕ್ಷ, ವಿಜಯಪುರದ್ದು ಸುಮಾರು ಮೂರೂಕಾಲು ಲಕ್ಷ. ದೂರಗಳು 75 ಮತ್ತು 55 ಕಿಲೋಮೀಟರು. ಲೆಕ್ಕಮಾಡಿದರೆ ಇಂಡಿಯ ಮೇಲೆ ಸೊಲ್ಲಾಪುರದ ಸೆಳೆತವು ವಿಜಯಪುರದ ಸೆಳೆತದ ಒಂದೂವರೆ ಪಟ್ಟಿನಷ್ಟಾಗುತ್ತದೆ. ಇನ್ನು ಎರಡು ನಗರಗಳ ನಡುವಣ ಸುಮಾರು 100 ಕಿಲೋಮೀಟರಿನ ಹೆದ್ದಾರಿಯಲ್ಲಿ ಎರಡು ಸೆಳೆತಗಳೂ ಸಮನಾಗುವ ಸ್ಥಳವು ವಿಜಯಪುರದಿಂದ 37 ಕಿಲೋಮೀಟರಿನ ಆಸುಪಾಸಿಗೆ, ಅಂದರೆ ಹೊರ್ತಿಯ ಹತ್ತಿರಕ್ಕೆ ಬರುತ್ತದೆ. ಸೂತ್ರವನ್ನು ನಂಬುವುದಾದರೆ ಹೊರ್ತಿಯಿಂದಾಚೆಯ ಝಳಕಿ, ಚಡಚಣ, ಧೂಳಖೇಡಗಳೆಲ್ಲ ಸೊಲ್ಲಾಪುರದ ಪೇಟೆಗೆ ಸೇರಿದವು. 1951ರಲ್ಲಿ ಈ ಅಂತರವು ಇನ್ನೂ ಹೆಚ್ಚಾಗಿದ್ದಿತು. ಆಗ ಸೊಲ್ಲಾಪುರವು ವಿಜಯಪುರದ ಸುಮಾರು ನಾಲ್ಕು ಪಟ್ಟು ದೊಡ್ಡ ಊರು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ದೂರವನ್ನು ಹಿಡಿದು ಈ ಲೆಕ್ಕವನ್ನು ಮಾಡಿ ನೋಡಬಹುದು.

ಸೂತ್ರವು ಹೇಳಿದುದನ್ನು ಅನುಭವವೂ ಬಹುಮಟ್ಟಿಗೆ ಒಪ್ಪುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಭೀಮಾತೀರದ ಜನರಿಗೆ ಕೂಲಿ ಕೊಟ್ಟುದು ಸೊಲ್ಲಾಪುರದ ಗಿರಣಿಗಳು. ಮನೆಮನೆಯ ಹಾಸಿಗೆಯ ಮೇಲಿನ ಚಾದರ ಅಲ್ಲಿಯದು. ಉಳ್ಳಾಗಡ್ಡಿಯ ಚೀಲಗಳು ಇಂದಿಗೂ ಲಾರಿಗಳಲ್ಲಿ ಅಲ್ಲಿಯ ಮಾರುಕಟ್ಟೆಗೆ ಸಾಗುತ್ತವೆ. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಮಾಲದಂಡಿ ಜೋಳದ ಪ್ರಸಿದ್ಧ ತಳಿಯನ್ನು ಆಯ್ದು ರೂಪಿಸಿದುದು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ. ರೊಟ್ಟಿಯನ್ನು ನಾವು ನಮ್ಮದೆಂದು ಅಭಿಮಾನಪಡುತ್ತೇವೆ; ಅದರ ಬೀಜದ ಮೇಲೆ ಆಚೆಯವರ ಋಣವೂ ಇದೆ. ಒಣಬೇಸಾಯದ ಸಂಶೋಧನೆಗಾಗಿ 1930ರ ದಶಕದಲ್ಲಿ ಕೇಂದ್ರಗಳನ್ನು ತೆರೆದಾಗ ಸೊಲ್ಲಾಪುರಕ್ಕೊಂದು, ವಿಜಯಪುರಕ್ಕೊಂದು ದೊರೆತುದು, ಎರಡೂ ಕಡೆಯ ಮಣ್ಣೂ ಮಳೆಯೂ ಒಂದೇ ಎಂಬುದಕ್ಕೆ ನಿದರ್ಶನ.

ಆದರೆ ರೈಲಿಯ ಸೂತ್ರಕ್ಕೆ ಕೊಳ್ಳುವ ಕೈಯಷ್ಟೇ ಗೊತ್ತು, ಓದುವ ಕಣ್ಣು ಗೊತ್ತಿಲ್ಲ. ಜನಸಂಖ್ಯೆಯಲ್ಲಿ ಚಿಕ್ಕದಾದ ವಿಜಯಪುರವು ಅಕ್ಷರದ ವಿಷಯದಲ್ಲಿ ತನ್ನ ಗಾತ್ರವನ್ನು ಮೀರಿ ಸೆಳೆಯಿತು. ಇದಕ್ಕೆ ಕಾರಣರಾದವರಲ್ಲಿ ಮೊದಲಿಗರು ಫ. ಗು. ಹಳಕಟ್ಟಿಯವರು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ವೃತ್ತಿಗೆ ನಿಂತ ಅವರು ಓಲೆಗರಿಗಳನ್ನು ಅರಸಿ ಹಳ್ಳಿಹಳ್ಳಿಗಳನ್ನು ತಿರುಗಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದಿತು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ ಪ್ರಾರಂಭವಾದವು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಹುಟ್ಟಿಕೊಂಡವು. ಮುಂದೆ ಆ ವಿದ್ಯಾಸಂಸ್ಥೆಯ ಅಧ್ಯಕ್ಷಪದವನ್ನು ವಹಿಸಿ ಅದನ್ನು ಬೆಳೆಸಿದ ಬಂಥನಾಳದ ಸಂಗನಬಸವ ಶಿವಯೋಗಿಗಳು ನಮ್ಮ ಇಂಡಿಯ ಸೀಮೆಯವರೇ. ನಗರವು ಹಳ್ಳಿಯನ್ನು ಸೆಳೆಯುವುದಷ್ಟೇ ಅಲ್ಲ, ಹಳ್ಳಿಯ ಒಬ್ಬ ಸ್ವಾಮಿಗಳು ನಗರವನ್ನು ಬೆಳೆಸಬಲ್ಲರು ಎಂಬುದನ್ನು ಯಾವ ಸೂತ್ರದಲ್ಲಿ ಬರೆಯೋಣ?

ಇಷ್ಟಾದರೂ ‘ಹಣಕ್ಕೆ ಸೊಲ್ಲಾಪುರ, ಜ್ಞಾನಕ್ಕೆ ವಿಜಯಪುರ’ ಎಂದು ಗೆರೆ ಕೊರೆದುಬಿಡುವುದು ಸರಿಯಲ್ಲ. ಸೊಲ್ಲಾಪುರದ ಬೀದಿಗಳಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಒಟ್ಟಿಗೆ ಕೇಳಿಬರುತ್ತವೆ. 1930ರ ಮೇ ತಿಂಗಳಲ್ಲಿ ಆ ಊರು ಬ್ರಿಟಿಷರ ವಿರುದ್ಧ ಎದ್ದುನಿಂತು ಲಷ್ಕರಿ ಕಾಯದೆಯನ್ನು ಅನುಭವಿಸಿತು. 1931ರ ಜನವರಿಯಲ್ಲಿ ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದ ನಾಲ್ವರು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ ಮತ್ತು ಶ್ರೀಕಿಸನ ಸಾರಡಾ. ಆ ಹೆಸರುಗಳಲ್ಲೇ ನಗರದ ಸ್ವರೂಪವು ಗೋಚರಿಸುತ್ತದೆ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಮೊದಲ ಮಹಿಳೆ ಎನಿಸಿದ ಜಯದೇವಿತಾಯಿ ಲಿಗಾಡೆಯವರು ಹುಟ್ಟಿದುದು ಸೊಲ್ಲಾಪುರದಲ್ಲಿ. ಮರಾಠಿಯಲ್ಲಿ ಶಾಲೆ ಕಲಿತ ಆ ತಾಯಿ ಕನ್ನಡವನ್ನು ಆಮೇಲೆ ಕಲಿತು ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ರಚಿಸಿದರು. ವಚನಗಳನ್ನು ಮರಾಠಿಗೆ ಕೊಂಡೊಯ್ದರು.

ನಮ್ಮ ಮಗ್ಗುಲಿನ ಹಲಸಂಗಿಯನ್ನೂ ಇಲ್ಲಿಯೇ ನೆನೆಯಬೇಕು. ಎರಡು ನಗರಗಳ ಯಾವುದೊಂದಕ್ಕೂ ಕಾಯದೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ ಮುಂತಾದ ಗೆಳೆಯರು ಹಳ್ಳಿಯಲ್ಲಿಯೇ ಕುಳಿತು ಹೆಣ್ಣುಮಕ್ಕಳ ಬೀಸುಕಲ್ಲಿನ ಹಾಡುಗಳನ್ನು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಎರಡು ಸೆಳೆತಗಳ ನಡುವೆ ಸಿಕ್ಕ ಸೀಮೆಯು ಬರಿದಾಗಿಯೇ ಇರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

1956ರ ನವೆಂಬರ 1ರಂದು ಈ ಚಿತ್ರವು ಬದಲಾಯಿತು. ಅದುವರೆಗೆ ಎರಡೂ ನಗರಗಳು ಮುಂಬಯಿ ಪ್ರಾಂತದಲ್ಲಿಯೇ ಇದ್ದವು. ಅಂದಿನಿಂದ ವಿಜಯಪುರವು ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಹೋಯಿತು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳನ್ನು ಇತ್ತ ಸೇರಿಸಬೇಕೆಂದು ಮಹಾಜನ ಆಯೋಗವು 1967ರಲ್ಲಿ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ನಾಡು ಒಂದಾದುದರ ಹಿರಿಮೆಯನ್ನು ಯಾರೂ ಅಲ್ಲಗಳೆಯರು. ಆದರೆ ಅದಕ್ಕೆ ಗಡಿಯವರು ತೆತ್ತ ಬೆಲೆಯನ್ನೂ ಹೇಳಬೇಕು. ಹಿಂದೆ ಇಂಡಿಯ ವ್ಯಾಪಾರಿಯು ಕನ್ನಡದಲ್ಲಿ ಮಾತನಾಡಿ ಮೋಡಿಲಿಪಿಯಲ್ಲಿ ಲೆಕ್ಕ ಬರೆಯುತ್ತಿದ್ದನು. ಈಗ ಈಚೆಯ ಹುಡುಗನಿಗೆ ಮರಾಠಿಯ ಫಲಕವನ್ನು ಓದುವುದು ಕಷ್ಟ. ಆಚೆ, ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳಿಗೆ ಕನ್ನಡದ ಅಕ್ಷರವೇ ಅಪರಿಚಿತ. ಬೀಗರ ಮನೆಗಳು ಎರಡೂ ದಂಡೆಗಳಲ್ಲಿ ಇವೆ, ಆದರೆ ಅವರ ಮಕ್ಕಳು ಒಬ್ಬರಿಗೊಬ್ಬರು ಕಾಗದ ಬರೆಯಲಾರರು. ಎರಡು ನಗರಗಳ ತುಲನೆಯಲ್ಲಿ ನನ್ನ ಮನಸ್ಸಿಗೆ ಅತಿ ಭಾರವಾಗಿ ತೋರುವ ಸಂಗತಿ ಇದೇ. ಗಿರಣಿಗಳೂ ಕಚೇರಿಗಳೂ ಅಲ್ಲ.

ಆರ್ಥಿಕ ತಕ್ಕಡಿಯೂ ಇತ್ತೀಚೆಗೆ ಹೊಯ್ದಾಡುತ್ತಿದೆ. ಸೊಲ್ಲಾಪುರದ ಹಳೆಯ ಗಿರಣಿಯು 1960ರ ದಶಕದಲ್ಲಿ ಬಾಗಿಲು ಹಾಕಿತು. ಶತಮಾನ ಮುಗಿಯುವ ಹೊತ್ತಿಗೆ ಉಳಿದ ದೊಡ್ಡ ಗಿರಣಿಗಳೂ ಬಹುತೇಕ ನಿಂತುಹೋದವು. ಚಾದರ ಮತ್ತು ಟವೆಲ್ಲುಗಳು ಈಗ ಸಣ್ಣ ಯಂತ್ರಮಗ್ಗಗಳ ಕೈಯಲ್ಲಿವೆ. ಒಂದು ಕಾಲಕ್ಕೆ ಕಠಿಣ ವ್ಯಾಧಿಯೆಂದರೆ ಸೊಲ್ಲಾಪುರದ ದವಾಖಾನೆಯೇ ಗತಿ. ಅಲ್ಲಿ ವೈದ್ಯಕೀಯ ಮಹಾವಿದ್ಯಾಲಯವು 1963ರಲ್ಲಿಯೇ ಆಗಿತ್ತು. ವಿಜಯಪುರದಲ್ಲಿ 1984 ಮತ್ತು 1986ರಲ್ಲಿ ಎರಡು ವೈದ್ಯಕೀಯ ಮಹಾವಿದ್ಯಾಲಯಗಳಾದ ಮೇಲೆ ಆ ದಾರಿಯ ದಟ್ಟಣೆ ಇಳಿಯಿತು. 2003ರಲ್ಲಿ ವಿಜಯಪುರಕ್ಕೆ ಮಹಿಳಾ ವಿಶ್ವವಿದ್ಯಾಲಯವೂ 2004ರಲ್ಲಿ ಸೊಲ್ಲಾಪುರಕ್ಕೆ ತನ್ನದೇ ವಿಶ್ವವಿದ್ಯಾಲಯವೂ ದೊರೆತವು. ಗಡಿಹಳ್ಳಿಯ ಹೆಣ್ಣುಮಗಳಿಗೆ ಇವುಗಳಲ್ಲಿ ಮೊದಲನೆಯದೇ ಹೆಚ್ಚು ಸಮೀಪದ್ದು, ಅಲ್ಲಿಯ ಮಾತು ಅವಳ ಮಾತೇ ಆಗಿರುವುದರಿಂದ.

ನೀರಿನ ಕಥೆಯಂತೂ ಇನ್ನೂ ವಿಚಿತ್ರ. ನಮ್ಮ ತಾಲೂಕಿನ ಉತ್ತರದ ಹಳ್ಳಿಗಳು ಭೀಮೆಯ ನೀರಿಗಾಗಿ, 1980ರಲ್ಲಿ ಪೂರ್ಣವಾದ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದ ಬಾಗಿಲು ಎಂದು ತೆರೆಯುವುದೋ ಎಂದು ಕಾಯುತ್ತವೆ. ದಕ್ಷಿಣದ ಹೊಲಗಳು ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆಯ ಕಡೆಗೆ, ಅಂದರೆ ಕೃಷ್ಣೆಯ ಕಡೆಗೆ ಮುಖಮಾಡಿವೆ. ಇವೆರಡರ ನಡುವೆ ಬಾವಿಯ ನೀರನ್ನೇ ನೆಚ್ಚಿ ಬೆಳೆದುಬಂದುದು ಲಿಂಬೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಲಿಕ ಗುರುತಿನ ಮನ್ನಣೆ ದೊರೆಯಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಲ್ಲಿಯೇ ಇದೆ. ಹಣ್ಣಿನ ಚೀಲವು ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಇಂದು ರಾಜ್ಯದ ಗಡಿಯಲ್ಲ, ಆ ದಿನದ ಸವಾಲಿನ ಬೆಲೆ ನಿರ್ಧರಿಸುತ್ತದೆ.

ಕೊನೆಗೆ ಎರಡು ನಗರಗಳಿಗೂ ಸಮಾನವಾದುದೊಂದು ಉಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮನು ಸೊಲ್ಲಾಪುರದ ದೈವ. ವಿಜಯಪುರದ ಗ್ರಾಮದೇವತೆಯೂ ಅದೇ ಸಿದ್ಧೇಶ್ವರನು. ಮಕರಸಂಕ್ರಮಣಕ್ಕೆ ಅಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ, ಇಲ್ಲಿಯೂ ನಂದಿಕೋಲುಗಳು ಹೊರಡುತ್ತವೆ. ಎರಡೂ ಜಾತ್ರೆಗಳು ಒಂದೇ ಹೊತ್ತಿಗೆ ಕೂಡುವುದರಿಂದ ಇಂಡಿಯ ಒಕ್ಕಲಿಗನು ಪ್ರತಿವರ್ಷವೂ ಒಂದನ್ನು ಆರಿಸಿಕೊಳ್ಳಬೇಕು. ಎತ್ತು ಕೊಳ್ಳುವವರು ವಿಜಯಪುರದ ಬದಿಯ ತೊರವಿಯ ದನದ ಜಾತ್ರೆಗೆ ಬಂಡಿ ತಿರುಗಿಸುತ್ತಾರೆ. ಸೊನ್ನಲಿಗೆಯ ಕೆರೆಗೆ ಹರಕೆ ಹೊತ್ತವರು ಇಂಡಿ ರೋಡಿನಲ್ಲಿ ಉತ್ತರದ ಗಾಡಿಯನ್ನು ಹತ್ತುತ್ತಾರೆ.