ತೊಗರಿ ಕಾಳಿಗೆ ಜೀವವಿದೆ, ಬೆಟ್ಟಕ್ಕೇಕಿಲ್ಲ?

ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಆಕಾರ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಕಲ್ಲೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅದೇ ಸೀಮೆಯ ಮನೆಗಳಲ್ಲಿ ಮುಂಗಾರು ಬಿತ್ತನೆಗೆಂದು ಚೀಲ ಕಟ್ಟಿಟ್ಟ ತೊಗರಿ ಬೀಜ ಅಲುಗಾಡುವುದಿಲ್ಲ, ಉಣ್ಣುವುದಿಲ್ಲ, ಬೆಳೆಯುವುದಿಲ್ಲ. ಆದರೂ ಅದು ಸಜೀವ. ಶಾಲೆಯ ಪುಸ್ತಕಗಳು ಜೀವಿಗಳ ಲಕ್ಷಣಗಳನ್ನು ಪಟ್ಟಿ ಮಾಡಿ ಕಲಿಸುತ್ತವೆ: ಚಲನೆ, ಆಹಾರ, ಉಸಿರಾಟ, ವಿಸರ್ಜನೆ, ಬೆಳವಣಿಗೆ, ಸ್ಪಂದನೆ, ಸಂತಾನೋತ್ಪತ್ತಿ. ಪಟ್ಟಿ ತಪ್ಪಲ್ಲ. ಆದರೆ ಒಂದೊಂದನ್ನೇ ಬಿಡಿಯಾಗಿ ಹಿಡಿದು ಪರೀಕ್ಷಿಸಿದರೆ ಪ್ರತಿಯೊಂದೂ ಎಲ್ಲೋ ಒಂದು ಕಡೆ ಕೈಕೊಡುತ್ತದೆ. ಜೀವಕೋಶ ತನ್ನನ್ನು ಉಳಿಸಿಕೊಳ್ಳಲು, ತನ್ನಂಥದ್ದನ್ನು ಹುಟ್ಟಿಸಲು ನಡೆಸುವ ಒಂದೇ ದುಡಿಮೆಯ ಹಲವು ಮುಖಗಳಿವು ಎಂದು ನೋಡಿದಾಗಲೇ ಆ ಪಟ್ಟಿಗೆ ಅರ್ಥ ಬರುತ್ತದೆ ಎಂಬುದು ನನ್ನ ವಾದ.

ಬೆಂಕಿಯನ್ನೇ ತೆಗೆದುಕೊಳ್ಳಿ. ಸುರಪುರ ಸೀಮೆಯ ಬೂದಿಹಾಳದಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಬಿಟ್ಟುಹೋದ ಬೂದಿದಿಬ್ಬವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ ಉತ್ಖನನ ನಡೆಸಿದರು. ದೊಡ್ಡಿಯಲ್ಲಿ ಕೂಡಿಬಿದ್ದ ದನದ ಹೆಂಡಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆ ದಿಬ್ಬ ಎದ್ದಿದೆ. ಅಂದಿನ ಬೆಂಕಿ ಹೆಂಡಿಯನ್ನು ತಿಂದಿತು, ಆಮ್ಲಜನಕ ಹೀರಿತು, ಬೂದಿ ಉಳಿಸಿತು, ಹಬ್ಬಿತು, ಕಿಡಿ ಹಾರಿಸಿ ಇನ್ನೊಂದು ಬೆಂಕಿ ಹುಟ್ಟಿಸಿತು. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಲಕ್ಷಣಗಳು ಅದಕ್ಕಿದ್ದವು! ಕಾಲುವೆ ನೀರು ಬಸಿದುಹೋಗದೆ ನಿಂತ ಹೊಲಗಳಲ್ಲಿ ಏಳುವ ಸವಳೂ ಹೀಗೆಯೇ. ನೀರು ಆರಿದಂತೆ ಉಪ್ಪಿನ ಹರಳು ಬೆಳೆಯುತ್ತದೆ. ಆದರೆ ಹರಳು ಬೆಳೆಯುವುದು ಉಪ್ಪು ಉಪ್ಪಾಗಿಯೇ ಬಂದು ಹೊರಗಿನಿಂದ ಅಂಟಿಕೊಳ್ಳುವುದರಿಂದ. ತೊಗರಿ ಗಿಡ ನೀರು, ಮಣ್ಣಿನ ಲವಣ, ಗಾಳಿಯ ಇಂಗಾಲವನ್ನು ಒಳಗೆ ತೆಗೆದುಕೊಂಡು, ಅವುಗಳಲ್ಲಿ ಎಲ್ಲೂ ಇರದ ಪ್ರೋಟೀನನ್ನು ತಾನೇ ಕಟ್ಟುತ್ತದೆ; ಅದಕ್ಕೆ ಬೇಕಾದ ಆದೇಶ ಅದರ ಡಿಎನ್‌ಎಯಲ್ಲಿದೆ, ತಾಯಿಗಿಡದಿಂದ ಬಂದದ್ದು. ಬೆಂಕಿಗೆ ಅಂಥ ವಂಶವಿಲ್ಲ. ಹೆಂಡಿಯಿಂದ ಹತ್ತಿಸಿಕೊಂಡು ಕಟ್ಟಿಗೆಗೆ ಹಚ್ಚಿದರೆ ಅದು ಕಟ್ಟಿಗೆಯ ಬೆಂಕಿಯೇ ಆಗುತ್ತದೆ, ಹೆಂಡಿಯ ಗುಣವೇನೂ ಅದರಲ್ಲಿ ಉಳಿಯುವುದಿಲ್ಲ.

ಹಾಗಾದರೆ ಸುಮ್ಮನೆ ಬಿದ್ದಿರುವ ಬೀಜದಲ್ಲಿ ಯಾವ ದುಡಿಮೆ ನಡೆದಿದೆ ಎಂದು ಕೇಳಬಹುದು. ಇದು ಗಟ್ಟಿಯಾದ ಪ್ರಶ್ನೆ. ಉತ್ತರ ನಮ್ಮ ಹಳೆಯ ಹಗೇವುಗಳಲ್ಲಿದೆ. ಜೋಳ ತುಂಬಿ ಬಾಯಿ ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುವುದು ಜಾಣತನವಾಗಿತ್ತು. ಒಳಗಿನ ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತಿತ್ತು. ಅದರಲ್ಲಿ ಹುಳ, ಬೂಷ್ಟುಗಳ ಪಾಲೂ ಇದ್ದೀತು, ಆದರೆ ಕಾಳಿನ ಪಾಲೂ ಇತ್ತು: ಒಣಗಿದ ಕಾಳು ಬಹಳ ನಿಧಾನವಾಗಿ ಉಸಿರಾಡುತ್ತದೆ, ತನ್ನೊಳಗಿನ ಆಹಾರವನ್ನು ಚೂರುಚೂರೇ ಖರ್ಚು ಮಾಡುತ್ತದೆ. ಕಾಳಿಗೆ ವಯಸ್ಸೂ ಆಗುತ್ತದೆ. ವರ್ಷ ಕಳೆದಂತೆ ಹುಟ್ಟುವ ಕಾಳು ಕಡಿಮೆಯಾಗುತ್ತ ಹೋಗುತ್ತವೆ. ಬಿತ್ತುವ ಮುನ್ನ ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ನೋಡುವ ರೈತ ಅಳೆಯುವುದು ಇದನ್ನೇ. ಇಲ್ಲಿ ಒಂದು ಎಚ್ಚರ ಬೇಕು. ನೀರಿಗೆ ಹಾಕಿದ ಬೀಜ ಉಬ್ಬುವುದು ಜೀವದ ಗುರುತಲ್ಲ. ಹುರಿದು ಸತ್ತ ಕಾಳೂ ನೀರು ಕುಡಿದು ಉಬ್ಬುತ್ತದೆ. ಬೇಳೆಯೂ ಉಬ್ಬುತ್ತದೆ, ಆದರೆ ಗಿರಣಿಯಲ್ಲಿ ಒಡೆಯುವಾಗ ಅದರ ಮೊಳಕೆಯ ಕುಡಿ ಮುರಿದುಹೋಗಿರುವುದರಿಂದ ಗಿಡವಾಗುವುದಿಲ್ಲ. ಜೀವಂತ ಬೀಜದಲ್ಲಿ ಮಾತ್ರ ನೀರು ಬಿದ್ದ ಮೇಲೆ ಕಿಣ್ವಗಳು ಎಚ್ಚೆತ್ತು, ಬೇಳೆಯಲ್ಲಿ ಕೂಡಿಟ್ಟ ಆಹಾರವನ್ನು ಕರಗಿಸಿ ಕುಡಿಗೆ ಉಣಿಸುತ್ತವೆ, ಕೋಶಗಳು ಇಬ್ಭಾಗವಾಗುತ್ತವೆ, ಬೀಜ ಹೇಗೇ ಬಿದ್ದಿರಲಿ, ಬೇರು ಕೆಳಕ್ಕೇ ತಿರುಗುತ್ತದೆ. ಆಹಾರ, ಉಸಿರು, ಬೆಳವಣಿಗೆ, ಸ್ಪಂದನೆ ಇಲ್ಲಿ ಬೇರೆಬೇರೆಯಲ್ಲ, ಒಂದು ನಿಂತರೆ ಉಳಿದವೂ ನಿಲ್ಲುತ್ತವೆ.

ಸಂತಾನವಿಲ್ಲದ್ದಕ್ಕೆ ಜೀವವಿಲ್ಲವೇ ಎಂಬ ಆಕ್ಷೇಪಕ್ಕೆ ಯಾದಗಿರಿಯ ತೊಗರಿ ಬೆಳೆಗಾರರೇ ಉತ್ತರ ಹೇಳಬಲ್ಲರು. ಗೊಡ್ಡು ರೋಗ ಬಿದ್ದ ಗಿಡ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಸಣ್ಣ ಎಲೆಗಳ ಪೊದೆಯಾಗಿ ಹಸಿರಾಗಿಯೇ ನಿಂತಿರುತ್ತದೆ. ಅದರ ಕೋಶಗಳು ದುಡಿಯುತ್ತಿವೆ, ಆದ್ದರಿಂದ ಅದು ಜೀವಂತ. ಸಂತಾನ ಜೀವಿಸಂಕುಲ ಮುಂದುವರಿಯಲು ಬೇಕು, ಒಂದೊಂದು ಜೀವಿ ಬದುಕಿರಲು ಬೇಕಿಲ್ಲ.

ಆ ಗಿಡವನ್ನು ಗೊಡ್ಡಾಗಿಸಿದ್ದರ ವಿಚಾರವೇ ನಿಜವಾಗಿ ತೊಡಕಿನದು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವ ವೈರಸ್ ಅದು. 1931ರಲ್ಲೇ ರೋಗ ದಾಖಲಾಗಿದ್ದರೂ ಕಾರಣವಾದ ವೈರಸ್ ಗುರುತಾದದ್ದು 2000ದ ಹೊತ್ತಿಗೆ. ವೈರಸ್‌ಗೆ ಕೋಶವಿಲ್ಲ, ಉಸಿರಿಲ್ಲ, ಉಣ್ಣುವುದಿಲ್ಲ. ತೊಗರಿಯ ಕೋಶದೊಳಗೆ ಹೊಕ್ಕು, ಅಲ್ಲಿನ ದುಡಿಮೆಯನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಸ್ವಂತ ದುಡಿಮೆಯಿಲ್ಲದ ಅದನ್ನು ಪೂರ್ಣ ಜೀವಿ ಎನ್ನಲು ನಾನು ಒಪ್ಪಲಾರೆ. ಆದರೆ ಬೆಂಕಿ, ಉಪ್ಪುಗಳ ಸಾಲಿಗೂ ಅದನ್ನು ಸೇರಿಸಲಾಗದು, ಏಕೆಂದರೆ ಅದಕ್ಕೆ ವಂಶವಿದೆ. ಪ್ರತಿ ಮಾಡುವಾಗ ಆಗುವ ಸಣ್ಣ ತಪ್ಪುಗಳು ಮುಂದಿನ ಪ್ರತಿಗಳಿಗೂ ಇಳಿಯುತ್ತವೆ, ಕಾಲಕ್ರಮದಲ್ಲಿ ಬೇರೆ ಬೇರೆ ತಳಿಗಳಾಗುತ್ತವೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಸಿಗುವ ತಳಿಗಿಂತ ಬೆಂಗಳೂರಿನದು ಹೆಚ್ಚು ಉಗ್ರ. ಒಂದೆಡೆ ಈ ರೋಗವನ್ನು ತಡೆದುಕೊಂಡ ತೊಗರಿ ಇನ್ನೊಂದೆಡೆ ಸೋಲಬಹುದು. ಹಾಗಾಗಿಯೇ ತೊಗರಿಯ ಹೊಸ ತಳಿಯನ್ನು ಒಂದೇ ಊರಿನಲ್ಲಿ ಬೆಳೆದು ನೋಡಿ ರೈತರ ಕೈಗೆ ಕೊಡಲಾಗದು.